ಬ್ರಹ್ಮಕಮಲ ಒಂದಲ್ಲ, ಎರಡು: ಹೂಗಿಡ ಗುರುತಿಸುವುದನ್ನು ಎಲ್ಲಿಂದ ಕಲಿಯಬೇಕು?

ಮಳೆಗಾಲ ಶುರುವಾಯಿತೆಂದರೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಎರಡು ಬಗೆಯ ಹೂವಿನ ಸಂದೇಶಗಳು ಬರುತ್ತವೆ. ಮೊದಲನೆಯದು ಯಾರದೋ ಮನೆಯ ತಾರಸಿಯದು. ರಾತ್ರಿ ಹನ್ನೊಂದಕ್ಕೆ ಅರಳಿದ ದೊಡ್ಡ ಬಿಳಿ ಹೂ, ಕುಂಡದ ಮುಂದೆ ಊದುಬತ್ತಿ, ಸುತ್ತ ನಿಂತ ಅಕ್ಕಪಕ್ಕದ ಮನೆಯವರು. ಎರಡನೆಯದು ಫಾರ್ವರ್ಡ್. ಹಿಮಾಲಯದಲ್ಲಿ 14 ವರ್ಷಕ್ಕೊಮ್ಮೆ ಮಾತ್ರ ಅರಳುವ ಬ್ರಹ್ಮಕಮಲ ಇದು, ನೋಡಿದವರಿಗೆ ಅದೃಷ್ಟ, ಕೂಡಲೇ ಹತ್ತು ಜನರಿಗೆ ಕಳಿಸಿ. ಎರಡೂ ಹೂಗಳ ಹೆಸರು ಬ್ರಹ್ಮಕಮಲ. ಒಂದು ಇನ್ನೊಂದರಂತೆ ಕಾಣುವುದೇ ಇಲ್ಲ. ಆದರೂ ಗುಂಪಿನಲ್ಲಿ ಯಾರೂ ಕೇಳುವುದಿಲ್ಲ. ಎಲ್ಲರೂ ಕೈಮುಗಿದ ಚಿಹ್ನೆ ಹಾಕಿ ಮುಂದೆ ಹೋಗುತ್ತಾರೆ.

ಇದು ಸುಳ್ಳು ಸುದ್ದಿಯೇ ಎಂದು ಕೇಳಿದರೆ ಒಂದೇ ಪದದಲ್ಲಿ ಉತ್ತರ ಹೇಳಲಾಗದು. ಫೋಟೊಗಳು ನಿಜ, ಹೆಸರೂ ಒಂದು ಅರ್ಥದಲ್ಲಿ ನಿಜ. ಆದರೆ ಇವು ಎರಡು ಬೇರೆ ಗಿಡಗಳು, ನಂಟಸ್ತಿಕೆಯೂ ಇಲ್ಲದವು.

ತಾರಸಿಯ ಮೇಲಿನದು ಪಾಪಸುಕಳ್ಳಿಯ ಬಳಗದ ಗಿಡ. ಇದರ ಮೂಲ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ, ವೈಜ್ಞಾನಿಕ ಹೆಸರು ಎಪಿಫಿಲಮ್ ಆಕ್ಸಿಪೆಟಾಲಮ್. ನಾವು ಎಲೆ ಎಂದುಕೊಳ್ಳುವ ಚಪ್ಪಟೆ ಹಸಿರು ಪಟ್ಟಿ ಎಲೆಯಲ್ಲ, ಕಾಂಡ. ಅನುಮಾನವಿದ್ದರೆ ಮೊಗ್ಗು ಎಲ್ಲಿಂದ ಹೊರಡುತ್ತದೆ ನೋಡಿ. ಪಟ್ಟಿಯ ಅಂಚಿನ ಕಚ್ಚಿನಿಂದ ಹೊರಡುತ್ತದೆ. ಮಾವಿನೆಲೆಯ ಅಂಚಿನಲ್ಲಿ ಹೂ ಬಿಟ್ಟದ್ದನ್ನು ಯಾರಾದರೂ ಕಂಡಿದ್ದೇವೆಯೇ? ಗಿಡ ಚೆನ್ನಾಗಿ ಬಲಿತಿದ್ದರೆ ವರ್ಷಕ್ಕೆ ಹಲವು ಸಲವೂ ಹೂ ಬಿಡುತ್ತದೆ. ಒಂದೊಂದು ಹೂವಿನ ಆಯಸ್ಸು ಮಾತ್ರ ಒಂದೇ ರಾತ್ರಿ, ಬೆಳಗಾಗುವಷ್ಟರಲ್ಲಿ ಜೋಲು ಬೀಳುತ್ತದೆ.

ಹಿಮಾಲಯದ ಬ್ರಹ್ಮಕಮಲ ಸಾಸ್ಯೂರಿಯಾ ಆಬ್‌ವಲ್ಲಾಟಾ. ಇದು ಉತ್ತರಾಖಂಡದ ರಾಜ್ಯಪುಷ್ಪ, ಕೇದಾರ ಬದರಿಗಳಲ್ಲಿ ದೇವರಿಗೆ ಏರುವ ಹೂ. ಸುಮಾರು 3,000 ಮೀಟರಿಗೂ ಮೇಲಿನ ಇಳಿಜಾರುಗಳಲ್ಲಿ ಬೆಳೆಯುತ್ತದೆ. ಇದು ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ ಗಿಡ. ಫೋಟೊದಲ್ಲಿ ಕಮಲದ ಎಸಳಿನಂತೆ ಕಾಣುವ ತೆಳು ಹಳದಿ ಹೊದಿಕೆ ನಿಜವಾಗಿ ಎಸಳಲ್ಲ, ಹೂವನ್ನು ಸುತ್ತಿಕೊಂಡ ಎಲೆಗಳು. ನಿಜವಾದ ಹೂಗಳು ಒಳಗೆ ನೇರಳೆ ಬಣ್ಣದ ಪುಟ್ಟ ಉಂಡೆಗಳಾಗಿ ಅಡಗಿರುತ್ತವೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ, ಪ್ರತಿ ಮಳೆಗಾಲದಲ್ಲೂ ಆ ಬೆಟ್ಟಗಳಲ್ಲಿ ಇದು ಅರಳುತ್ತದೆ. 14 ವರ್ಷದ ಲೆಕ್ಕ ಎರಡಕ್ಕೂ ಹೊಂದುವುದಿಲ್ಲ.

ವರ್ಷಗಟ್ಟಲೆ ಕಾದು ಅರಳುವ ಗಿಡಗಳು ಇಲ್ಲವೆಂದಲ್ಲ. ಮುನ್ನಾರಿನ ನೀಲಕುರಿಂಜಿ 12 ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ನೀಲಿಯಾಗುವಂತೆ ಅರಳುತ್ತದೆ. 2006ರಲ್ಲಿ ಅರಳಿತ್ತು, 2018ರಲ್ಲಿ ಅರಳಿತು. ಫಾರ್ವರ್ಡ್ ಬರೆಯುವವರು ಇಂಥ ನಿಜವೊಂದನ್ನು ಎರವಲು ತಂದು ಬೇರೆ ಚಿತ್ರಕ್ಕೆ ಅಂಟಿಸುತ್ತಾರೆ. ಹಿಮಾಲಯದಲ್ಲಿ 36 ವರ್ಷಕ್ಕೊಮ್ಮೆ ಅರಳುವ 'ನಾಗಪುಷ್ಪ' ಎಂದು ಓಡಾಡಿದ ಚಿತ್ರವಂತೂ ಗಿಡದ್ದೇ ಅಲ್ಲ. ಅದು ಸೀ ಪೆನ್ ಎಂಬ ಕಡಲ ಪ್ರಾಣಿ, ಹವಳದ ಬಳಗದ್ದು.

ಹೆಸರಿನಿಂದ ಗಿಡ ಸಿಗುವುದಿಲ್ಲ

ನಾನು ಸಸ್ಯಶಾಸ್ತ್ರ ಓದಿದವಳಲ್ಲ. ಓದಿದ್ದು ಸಂವಹನ. ಸುಳ್ಳು ಸುದ್ದಿಗಳ ಬಗ್ಗೆ ಕೆಲಸ ಮಾಡುವಾಗ ಮನೆಮದ್ದಿನ ಸಂದೇಶಗಳ ರಾಶಿ ಎದುರಾಗಿ, ಚಿತ್ರದಲ್ಲಿರುವ ಗಿಡ ಯಾವುದೆಂದು ತಿಳಿಯದೆ ಒಂದು ಹೆಜ್ಜೆಯೂ ಮುಂದಿಡಲಾಗದೆ, ಹೂ ನೋಡುವುದನ್ನು ಕಲಿಯತೊಡಗಿದೆ. ಮೊದಲ ಪಾಠ ಇದು: ಊರಿನ ಹೆಸರು ಗಿಡದ ವಿಳಾಸವಲ್ಲ.

ಕಣಗಿಲೆಯನ್ನೇ ತೆಗೆದುಕೊಳ್ಳಿ. ಗುಲಾಬಿ ಬಣ್ಣದ, ಉದ್ದ ಕಿರಿದಾದ ಎಲೆಯ ಪೊದೆ ಕಣಗಿಲೆ. ಗಂಟೆಯಾಕಾರದ ಹಳದಿ ಹೂವಿನದು ಹಳದಿ ಕಣಗಿಲೆ. ದೇವಸ್ಥಾನದ ಅಂಗಳದಲ್ಲಿ ಬಿಳಿ ಹೂ ಉದುರಿಸುವ ದಪ್ಪ ಕೊಂಬೆಯ ಮರ ದೇವಕಣಗಿಲೆ. ಅದನ್ನೇ ಕೆಲವು ಕಡೆ ಗೋಸಂಪಿಗೆ ಎನ್ನುತ್ತಾರೆ, ಸಂಪಿಗೆಗೂ ಅದಕ್ಕೂ ಸಂಬಂಧವಿಲ್ಲದಿದ್ದರೂ. ಶಂಖಪುಷ್ಪಿಯ ಗೊಂದಲ ಇದಕ್ಕಿಂತ ದೊಡ್ಡದು. ಆಯುರ್ವೇದದ ಈ ಒಂದು ಹೆಸರಿನಲ್ಲಿ ದೇಶದ ಬೇರೆ ಬೇರೆ ಕಡೆ ಕನಿಷ್ಠ ಮೂರು ಗಿಡಗಳು ಬಳಕೆಯಲ್ಲಿವೆ. ಎರಡು ನೆಲದ ಮೇಲೆ ಹರಡುವ ಪುಟ್ಟ ಸಸ್ಯಗಳು, ಮೂರನೆಯದು ಬೇಲಿಗೆ ಹಬ್ಬುವ ನೀಲಿ ಹೂವಿನ ಶಂಖಪುಷ್ಪದ ಬಳ್ಳಿ. ಇನ್ನು ಕಾಂಗ್ರೆಸ್ ಹುಲ್ಲು ಹುಲ್ಲೇ ಅಲ್ಲ, ಸೇವಂತಿಗೆಯ ಬಳಗ. ಯಾವ ರೀತಿ ಎಂಬುದು ಮುಂದೆ ಗೊತ್ತಾಗುತ್ತದೆ.

ಈ ಗೊಂದಲ ತಪ್ಪಿಸಲೆಂದೇ ಎರಡು ಪದಗಳ ವೈಜ್ಞಾನಿಕ ಹೆಸರು ಬಂದದ್ದು. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅದು ಗಿಡಗಳಿಗೆ ನಿಯಮಿತವಾಗಿ ಅಂಟಿಕೊಂಡಿತು. ಮೊದಲ ಪದ ಜಾತಿ, ಎರಡನೆಯದು ಪ್ರಭೇದ. ಬಾಯಿಗೆ ಕಷ್ಟವಾದರೂ ಒಂದು ಹೆಸರಿಗೆ ಒಂದೇ ಗಿಡ. ಯಾವುದೇ ಮನೆಮದ್ದಿನ ಸಂದೇಶದಲ್ಲಿ ಆ ಎರಡು ಪದಗಳಿಲ್ಲದಿದ್ದರೆ, ಅವರು ಯಾವ ಗಿಡದ ಬಗ್ಗೆ ಹೇಳುತ್ತಿದ್ದಾರೆಂದು ನಮಗಂತೂ ಗೊತ್ತಿಲ್ಲ. ಬಹುಶಃ ಅವರಿಗೂ ಗೊತ್ತಿಲ್ಲ.

ಒಂದು ದಾಸವಾಳ, ಒಂದು ಬ್ಲೇಡು

ಕಲಿಯಲು ಒಳ್ಳೆಯ ಹೂ ದಾಸವಾಳ. ಒಂದೇ ಸುತ್ತು ಎಸಳಿನ ಸಾದಾ ಕೆಂಪು ದಾಸವಾಳ ತನ್ನಿ. ಮುದ್ದೆ ದಾಸವಾಳ ಬೇಡ, ಅದರಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟು ಲೆಕ್ಕ ತಪ್ಪಿಸುತ್ತವೆ.

ಹೂವನ್ನು ಮೊದಲು ಹಿಂದಿನಿಂದ ನೋಡಿ. ನಾವೆಲ್ಲ ಮುಖ ನೋಡಿ ಮುಗಿಸುತ್ತೇವೆ. ಗುರುತುಗಳಲ್ಲಿ ಅರ್ಧ ಬೆನ್ನಿನ ಕಡೆ ಇರುತ್ತವೆ. ತೊಟ್ಟಿನ ತುದಿಯಲ್ಲಿ ದಾರದಂಥ ಹಸಿರು ಎಳೆಗಳ ಒಂದು ಸುತ್ತು, ಅದರ ಮೇಲೆ ಐದು ಹಲ್ಲಿನ ಹಸಿರು ಬಟ್ಟಲು. ಈ ಬಟ್ಟಲಿನ ಭಾಗಗಳೇ ಪುಷ್ಪಪತ್ರಗಳು. ಆಮೇಲೆ ಐದು ಎಸಳು. ಒಂದು ಎಸಳಿನ ಅಂಚು ಪಕ್ಕದ್ದರ ಮೇಲೆ, ಅದರದು ಇನ್ನೊಂದರ ಮೇಲೆ, ಹೀಗೆ ಒಂದೇ ದಿಕ್ಕಿಗೆ ಸುತ್ತಿಕೊಂಡಿರುತ್ತವೆ. ಈಗ ನಡುವಿನ ಉದ್ದ ಕಡ್ಡಿ. ಅದು ಒಂದೇ ಕಡ್ಡಿಯಲ್ಲ. ಹೊರಗೆ ಹಳದಿ ಪರಾಗದ ಚೀಲ ಹೊತ್ತ ಹತ್ತಾರು ಕೇಸರಗಳು ಒಂದಕ್ಕೊಂದು ಬೆಸೆದು ಕೊಳವೆಯಾಗಿವೆ. ಅದರ ಒಳಗಿಂದ ಹಾದು ಹೊರಬರುವ ಹೆಣ್ಣು ಭಾಗದ ತುದಿಯಲ್ಲಿ ಐದು ಕೆಂಪು ಗುಂಡುಗಳು. ಬ್ಲೇಡಿನಿಂದ ಕೊಳವೆಯನ್ನು ಉದ್ದಕ್ಕೆ ಸೀಳಿದರೆ ಒಳಗಿನ ಎಳೆ ಸಿಗುತ್ತದೆ, ಅದು ಬುಡದಲ್ಲಿ ಅಂಡಾಶಯಕ್ಕೆ ಇಳಿಯುತ್ತದೆ.

ಇನ್ನು ಹಿತ್ತಲಿಗೆ ಹೋಗಿ ಬೆಂಡೆಯ ಹೂ ನೋಡಿ. ಬಣ್ಣ ಹಳದಿ, ನಡುವೆ ಕಡುಗೆಂಪು. ಆದರೆ ಅದೇ ಕೊಳವೆ, ಅದೇ ಐದರ ಲೆಕ್ಕ, ಅದೇ ಹೊರಗಿನ ದಾರಗಳು. ಹತ್ತಿಯ ಹೂವೂ ಹೀಗೆಯೇ, ಹೂವರಸಿಯೂ ಹೀಗೆಯೇ. ಬಣ್ಣ, ಎಲೆ, ಎತ್ತರ ಎಲ್ಲ ಬದಲಾದರೂ ಹೂವಿನ ಕಟ್ಟಡ ಬದಲಾಗಿಲ್ಲ. ಇದೇ ಕುಟುಂಬ ಎನ್ನುವುದು. ಬೆಂಡೆಕಾಯಿ ಹೆಚ್ಚುವಾಗಲೂ ದಾಸವಾಳದ ಎಲೆ ಅರೆಯುವಾಗಲೂ ಕೈಗೆ ಬರುವ ಲೋಳೆಯೂ ಈ ಕುಟುಂಬದ್ದೇ ಗುಣ.

ಹೂಬಿಡುವ ಸಸ್ಯಗಳು ಜಗತ್ತಿನಲ್ಲಿ ಸುಮಾರು 3 ಲಕ್ಷ ಪ್ರಭೇದಗಳಿವೆ. ಅಷ್ಟು ಹೆಸರು ಯಾರಿಗೂ ಬರುವುದಿಲ್ಲ. ಕುಟುಂಬಗಳಾದರೆ 2016ರ ಪರಿಷ್ಕೃತ ಪಟ್ಟಿಯ ಪ್ರಕಾರ 416. ನಮ್ಮ ಬೀದಿ, ಹಿತ್ತಲು, ಗದ್ದೆಯಂಚಿನ ಗಿಡಗಳಲ್ಲಿ ಬಹುಪಾಲು ಹತ್ತು ಹದಿನೈದು ಕುಟುಂಬಗಳಲ್ಲೇ ಮುಗಿಯುತ್ತವೆ. ಆದ್ದರಿಂದ ಕಲಿಯುವವರು ಹೆಸರಿನ ಹಿಂದೆ ಬೀಳದೆ ಮೊದಲು ಕುಟುಂಬ ಹಿಡಿಯುವುದು ಸುಲಭದ ದಾರಿ.

ಮನೆ ಸುತ್ತಲಿನ ಕೆಲವು ಕುಟುಂಬಗಳು

ತುಳಸಿ, ಪುದೀನ, ದೊಡ್ಡಪತ್ರೆ, ತುಂಬೆ ಒಂದು ಮನೆಯವು. ಕಾಂಡವನ್ನು ಬೆರಳ ನಡುವೆ ಉರುಳಿಸಿ ನೋಡಿ, ದುಂಡಗಿರದೆ ಚೌಕವಾಗಿ ತಾಗುತ್ತದೆ. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ, ಹೂವಿಗೆ ಮೇಲೊಂದು ಕೆಳಗೊಂದು ತುಟಿ. ಲಂಟಾನದ ಕಾಂಡವೂ ಚೌಕವೇ, ಅದು ಬೇರೆ ಕುಟುಂಬ. ಹಾಗಾಗಿ ಒಂದೇ ಗುರುತು ನೋಡಿ ತೀರ್ಮಾನಕ್ಕೆ ಬರಬೇಡಿ.

ಅವರೆ, ತೊಗರಿ, ಶಂಖಪುಷ್ಪಗಳ ಹೂವಿನಲ್ಲಿ ದೊಡ್ಡದೊಂದು ಎಸಳು ಬೆನ್ನಿಗೆ, ಎರಡು ಪಕ್ಕಕ್ಕೆ, ಇನ್ನೆರಡು ಸೇರಿ ದೋಣಿಯಂತೆ. ಕಾಯಿ ಸೀಳಿದರೆ ಒಂದೇ ಸಾಲಿನಲ್ಲಿ ಕಾಳು.

ಸೇವಂತಿಗೆ ಬಳಗದ ವಿಷಯಕ್ಕೆ ತುಸು ನಿಲ್ಲಬೇಕು. ಒಂದು ಸೂರ್ಯಕಾಂತಿ ಒಂದು ಹೂವಲ್ಲ, ನೂರಾರು ಹೂಗಳ ಸಭೆ. ನಡುವಿನ ಒಂದೊಂದು ಚುಕ್ಕೆಯೂ ಎಸಳು, ಕೇಸರ, ಅಂಡಾಶಯ ಇರುವ ಪೂರ್ತಿ ಹೂ. ಅದಕ್ಕೇ ಒಂದೊಂದಕ್ಕೂ ಒಂದೊಂದು ಬೀಜ. ಅಂಚಿನ 'ಎಸಳು' ಎಂದರೂ ಅದೂ ಒಂದು ಹೂವೇ. ಚೆಂಡುಹೂವಿನಿಂದ ಒಂದು ಎಸಳನ್ನು ಮೆಲ್ಲಗೆ ಕಿತ್ತು ಬುಡ ನೋಡಿದರೆ ಎಳೆ ಬೀಜ ಅಂಟಿಕೊಂಡೇ ಬರುತ್ತದೆ. ಈಗ ಕಾಂಗ್ರೆಸ್ ಹುಲ್ಲಿನ ಬಿಳಿ ಗುಂಡಿಯಂಥ ಹೂವನ್ನು ಫೋನಿನ ಕ್ಯಾಮೆರಾದಲ್ಲಿ ಹಿಗ್ಗಿಸಿ. ಅಂಚಿನಲ್ಲಿ ಐದು ಬಿಳಿ ಹೂ, ನಡುವೆ ಕಿರುಹೂಗಳ ಗುಂಪು. ಭತ್ತ, ರಾಗಿ, ಬಿದಿರು ನಿಜವಾದ ಹುಲ್ಲುಗಳು. ಅವಕ್ಕೆ ಕಣ್ಣಿಗೆ ಕಾಣುವ ಎಸಳೇ ಇಲ್ಲ.

ಕುಟುಂಬದ ಗಡಿಗಳೂ ಕಲ್ಲಿನಲ್ಲಿ ಕೊರೆದವಲ್ಲ. ಲಿನೇಯಸ್ ಕೇಸರಗಳನ್ನು ಎಣಿಸಿ ವರ್ಗ ಮಾಡಿದ. 1862ರಿಂದ 1883ರ ನಡುವೆ ಬೆಂಥಮ್ ಮತ್ತು ಹೂಕರ್ ಹೂವಿನ ಎಲ್ಲ ಭಾಗಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ನಮ್ಮ ಕಾಲೇಜುಗಳಲ್ಲಿ ಬಹುಕಾಲ ನಡೆದದ್ದು ಅವರ ಪಾಠವೇ. 1998ರಿಂದ ಡಿಎನ್‌ಎ ಆಧರಿಸಿದ ವರ್ಗೀಕರಣ ಬಂದು, ಬೇರೆ ಕುಟುಂಬದ್ದೆಂದು ಓದಿದ್ದ ಎಕ್ಕ ಈಗ ಕಣಗಿಲೆಯ ಮನೆಗೆ, ಬೂರುಗದ ಮರ ದಾಸವಾಳದ ಮನೆಗೆ ಸೇರಿವೆ. ಹಳೆಯ ಪುಸ್ತಕದಲ್ಲಿ ಬೇರೆ ಹೆಸರು ಕಂಡರೆ ಪುಸ್ತಕ ಸುಳ್ಳೆಂದು ತಿಳಿಯಬೇಕಿಲ್ಲ.

ಕಣಗಿಲೆಯ ಮನೆಯೂ ಪಾಲೆ ಮರವೂ

ನನ್ನ ಅಜ್ಜನ ಮನೆ ಪುತ್ತೂರಿನ ಕಡೆ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಕಷಾಯ ಮಾಡಿ ಬರಿಹೊಟ್ಟೆಯಲ್ಲಿ ಕುಡಿಯುವುದು ತುಳುನಾಡಿನ ಪದ್ಧತಿ. ಘಟ್ಟದ ಮೇಲಿನವರು ಇದೇ ಮರವನ್ನು ಹಾಲೆ, ಏಳೆಲೆ ಹಾಲೆ ಎನ್ನುತ್ತಾರೆ. ಕಷಾಯದಿಂದ ಎಷ್ಟು ಪ್ರಯೋಜನ ಎಂಬುದು ಬೇರೆಯೇ ಚರ್ಚೆ. ಇಲ್ಲಿರುವ ಪ್ರಶ್ನೆ: ಕತ್ತಲಲ್ಲಿ, ಮಳೆಯಲ್ಲಿ, ಹೂವಿಲ್ಲದ ಕಾಲದಲ್ಲಿ ಮರ ಗುರುತಿಸುವುದು ಹೇಗೆ?

ಪಾಲೆ ಕಣಗಿಲೆ ಕುಟುಂಬದ ಮರ. ಈ ಕುಟುಂಬದ ಗುರುತುಗಳನ್ನು ಬೆಳಕಿನಲ್ಲಿ ಕಲಿತಿದ್ದರೆ ಅರ್ಧ ಕೆಲಸ ಮುಗಿದಂತೆ. ನಿತ್ಯಪುಷ್ಪ, ಒಂದೆಸಳಿನ ನಂದಿಬಟ್ಟಲು, ಕಣಗಿಲೆ, ದೇವಕಣಗಿಲೆಗಳ ಹೂಗಳನ್ನು ಒಂದು ತಟ್ಟೆಯಲ್ಲಿಡಿ. ಐದೂ ಎಸಳು ಜಾತ್ರೆಯ ಗಿರಗಿಟ್ಲೆಯಂತೆ ಒಂದೇ ಕಡೆ ತಿರುಚಿರುತ್ತವೆ, ಬುಡದಲ್ಲಿ ಕೊಳವೆ. ದಾಸವಾಳದ ಎಸಳೂ ತಿರುಚಿತ್ತಲ್ಲ ಎನ್ನಬಹುದು, ನಿಜ. ಆದರೆ ಇಲ್ಲಿ ಎಲೆ ಚಿವುಟಿದರೆ ಬಿಳಿ ಹಾಲು ಬರುತ್ತದೆ, ದಾಸವಾಳದಲ್ಲಿ ಬರುವುದಿಲ್ಲ. ಹಾಲು ಹಲಸಿಗೂ ಇದೆ, ಪಪ್ಪಾಯಿಗೂ ಇದೆ, ಅವುಗಳ ಹೂವಿನ ಕಟ್ಟಡ ಬೇರೆ. ಎಕ್ಕದ ಹಾಲು ಧಾರಾಳ, ಎಸಳು ಮಾತ್ರ ತಿರುಚಿಲ್ಲ. ಹೀಗೆ ಒಂದು ಗುರುತನ್ನು ಇನ್ನೊಂದರ ಎದುರು ಇಟ್ಟು ನೋಡುತ್ತಾ ಹೋಗಬೇಕು.

ಪಾಲೆಯ ಎಲೆಗಳು ಕೊಂಬೆಯ ಒಂದೇ ಗೆಣ್ಣಿನಿಂದ ಕೊಡೆಯ ಕಡ್ಡಿಗಳಂತೆ ಸುತ್ತ ಹರಡುತ್ತವೆ. ಸಾಮಾನ್ಯವಾಗಿ ನಾಲ್ಕರಿಂದ ಏಳು. ಏಳೆಲೆ ಎಂಬ ಹೆಸರು ಅದರಿಂದಲೇ. ತೊಗಟೆಗೆ ಗಾಯ ಮಾಡಿದರೆ ಹಾಲು. ಕರಾವಳಿಯ ಕಾಡಂಚಿನಲ್ಲಿ ಇದರ ಜೊತೆಯಲ್ಲೇ ಬೆಳೆಯುವ ಇನ್ನೊಂದು ಮರ ಕಾಸರಕ. ಅದರ ಬೀಜ, ತೊಗಟೆಗಳಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷವಿದೆ, ಅದು ಸ್ನಾಯುಗಳನ್ನು ಸೆಟೆದುಕೊಳ್ಳುವಂತೆ ಮಾಡಿ ಉಸಿರು ನಿಲ್ಲಿಸಬಲ್ಲದು. ಕಾಸರಕದ ಎಲೆಗಳು ಎರಡೆರಡಾಗಿ ಎದುರುಬದುರು. ಎಲೆಯ ಬುಡದಿಂದಲೇ ಮೂರೋ ಐದೋ ನರಗಳು ಹೊರಟು ತುದಿಯತ್ತ ಬಾಗುತ್ತವೆ. ಹಾಲು ಇಲ್ಲ. ಹಣ್ಣು ಕಿತ್ತಳೆ ಬಣ್ಣದ ಗುಂಡು. ಪಾಲೆಯದಾದರೆ ಜೋಡಿಯಾಗಿ ನೇತಾಡುವ ತೆಳು ಉದ್ದನೆಯ ಕಾಯಿ.

ಹಗಲಿನಲ್ಲಿ ಈ ವ್ಯತ್ಯಾಸ ಮಗುವಿಗೂ ಕಾಣುತ್ತದೆ. ಬೆಳಗಿನ ನಾಲ್ಕೂವರೆಗೆ ಟಾರ್ಚ್ ಹಿಡಿದು ಕಾಂಡ ಮಾತ್ರ ನೋಡಿದರೆ ಎರಡೂ ಬೂದು ಬಣ್ಣದ ಮರಗಳು. ನಮ್ಮ ಮಾವ ಹಿಂದಿನ ಸಂಜೆಯೇ ಹೋಗಿ ಮರಕ್ಕೆ ತೆಂಗಿನ ಗರಿ ಕಟ್ಟಿ ಬರುತ್ತಿದ್ದರು. ಊರು ಬಿಟ್ಟು ಬೆಂಗಳೂರು ಸೇರಿ, ವರ್ಷಕ್ಕೊಮ್ಮೆ ಬಂದು ಉತ್ಸಾಹದಿಂದ ಕಾಡಿಗಿಳಿಯುವ ನನ್ನ ವಯಸ್ಸಿನವರಿಗೆ ಆ ಅಭ್ಯಾಸ ಇಲ್ಲ. ತೊಗಟೆಯ ಫೋಟೊ ತೆಗೆದು ಗುಂಪಿಗೆ ಹಾಕಿ 'ಇದೇನಾ?' ಎಂದು ಕೇಳಿದವರಿದ್ದಾರೆ. ತೊಗಟೆಯ ಫೋಟೊ ನೋಡಿ 'ಹೌದು' ಎಂದವರೂ ಇದ್ದಾರೆ. ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸಿದ್ದು ಆ 'ಹೌದು'.

ಒಂದೇ ಕುಟುಂಬವಾದರೆ ಗುಣವೂ ಒಂದೇ?

ಅಲ್ಲ. ಇದನ್ನು ಒತ್ತಿ ಹೇಳಬೇಕು. ಟೊಮೆಟೊ, ಬದನೆ, ಮೆಣಸಿನಕಾಯಿಗಳ ಕುಟುಂಬಕ್ಕೇ ಸೇರಿದೆ ದತ್ತೂರ. ಮೂರನ್ನು ದಿನಾ ತಿನ್ನುತ್ತೇವೆ, ನಾಲ್ಕನೆಯದು ಬುದ್ಧಿ ಕದಡಿ ಆಸ್ಪತ್ರೆ ಸೇರಿಸುತ್ತದೆ.

ಕಣಗಿಲೆ, ಹಳದಿ ಕಣಗಿಲೆಗಳಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷಗಳಿವೆ. ಕೇರಳದ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು 2024ರ ಮೇ ತಿಂಗಳಲ್ಲಿ ತಮ್ಮ ದೇವಸ್ಥಾನಗಳ ನೈವೇದ್ಯ ಪ್ರಸಾದಗಳಲ್ಲಿ ಕಣಗಿಲೆ ಬಳಸುವುದನ್ನು ಬಿಟ್ಟವು. ಪ್ರಸಾದವನ್ನು ಬಾಯಿಗೆ ಹಾಕಿಕೊಳ್ಳುತ್ತೇವಲ್ಲ, ಅದಕ್ಕೆ.

ನಿತ್ಯಪುಷ್ಪದ ಕಥೆ ಇನ್ನೂ ಸ್ವಾರಸ್ಯ. ಇದರ ಎಲೆ ಜಗಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ ಎಂಬ ಸಂದೇಶ ನಿಮಗೂ ಬಂದಿರುತ್ತದೆ. ಮಡಗಾಸ್ಕರ್ ಮೂಲದ ಈ ಗಿಡದ ಬಗ್ಗೆ ಆ ನಂಬಿಕೆ ಹಲವು ದೇಶಗಳಲ್ಲಿತ್ತು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅದನ್ನೇ ಪರೀಕ್ಷಿಸಲು ಹೊರಟರು. ಎಲೆಯ ಸಾರವನ್ನು ಬಾಯಿಯ ಮೂಲಕ ಕೊಟ್ಟಾಗ ಇಲಿಗಳ ರಕ್ತದ ಸಕ್ಕರೆಯಲ್ಲಿ ಹೇಳುವಂಥ ಬದಲಾವಣೆ ಕಾಣಲಿಲ್ಲ. ಚುಚ್ಚುಮದ್ದಾಗಿ ಕೊಟ್ಟಾಗ ಇಲಿಗಳು ಸೋಂಕು ತಗುಲಿ ಸತ್ತವು. ಕಾರಣ ಹುಡುಕಿದರೆ ಬಿಳಿ ರಕ್ತಕಣಗಳು ಕುಸಿದಿದ್ದವು. ಬಿಳಿ ರಕ್ತಕಣಗಳು ಮಿತಿಮೀರುವ ರಕ್ತದ ಕ್ಯಾನ್ಸರಿಗೆ ಇದು ಮದ್ದಾಗಬಹುದಲ್ಲ ಎಂಬ ಯೋಚನೆ ಅಲ್ಲಿಂದ ಬಂತು. ಈ ಗಿಡದ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್‌ಗಳನ್ನು ಇಂದು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಅತಿ ಸಣ್ಣ ಪ್ರಮಾಣದಲ್ಲಿ, ರಕ್ತ ಪರೀಕ್ಷೆ ಮಾಡುತ್ತಾ, ರಕ್ತನಾಳಕ್ಕೆ ಕೊಡುತ್ತಾರೆ. ಗಿಡದಲ್ಲಿ ಔಷಧಿ ಇರುವುದು ನಿಜ, ಫಾರ್ವರ್ಡ್ ಹೇಳುವ ಕಾಯಿಲೆಗಲ್ಲ, ಹೇಳುವ ವಿಧಾನದಲ್ಲೂ ಅಲ್ಲ.

ಅಮೃತಬಳ್ಳಿಯ ಪ್ರಕರಣ

ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿಯದ ಮನೆ ಕಡಿಮೆ. 2020ರ ಕೊನೆಯ ತಿಂಗಳುಗಳಲ್ಲಿ ಮುಂಬೈಯ ವೈದ್ಯರು ಯಕೃತ್ತಿಗೆ ಪೆಟ್ಟಾಗಿ ಬಂದ 6 ರೋಗಿಗಳಲ್ಲಿ ಅಮೃತಬಳ್ಳಿ ಸೇವನೆಯ ಹಿನ್ನೆಲೆ ಕಂಡು, 2021ರಲ್ಲಿ ಅದನ್ನು ಪ್ರಕಟಿಸಿದರು. ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಬೇರೆ ಬಳ್ಳಿಯನ್ನು ಜನ ಬಳಸಿರಬಹುದು ಎಂಬುದು ಆಯುಷ್ ಸಚಿವಾಲಯದ ವಾದ. 2022ರ ಫೆಬ್ರುವರಿಯಲ್ಲಿ ಅದು ಎರಡು ಬಳ್ಳಿಗಳ ವ್ಯತ್ಯಾಸದ ಪಟ್ಟಿಯನ್ನೂ ಹೊರಡಿಸಿತು. ಅಮೃತಬಳ್ಳಿ ಟಿನೋಸ್ಪೋರಾ ಕಾರ್ಡಿಫೋಲಿಯಾ, ಇನ್ನೊಂದು ಟಿನೋಸ್ಪೋರಾ ಕ್ರಿಸ್ಪಾ.

ಆ ಪಟ್ಟಿಯಲ್ಲಿ ಎಲೆ ಹೆಚ್ಚೇನೂ ಸಹಾಯಕ್ಕೆ ಬರುವುದಿಲ್ಲ ಎಂಬುದನ್ನು ಗಮನಿಸಿ. ಎರಡರದೂ ಹೃದಯಾಕಾರದ ಎಲೆ. ವೀಳ್ಯದೆಲೆಯದೂ ಹೃದಯಾಕಾರ, ಕಾಳುಮೆಣಸಿನದೂ ಹೃದಯಾಕಾರ, ವರಾಂಡದ ಮನಿಪ್ಲಾಂಟಿನದೂ ಅದೇ. ವ್ಯತ್ಯಾಸ ಇರುವುದು ಕಾಂಡ, ಹೂ, ಹಣ್ಣುಗಳಲ್ಲಿ. ಕ್ರಿಸ್ಪಾದ ಕಾಂಡ ಬೂದುಬಣ್ಣ, ಮೇಲೆಲ್ಲ ಗಂಟುಗಂಟು, ಕೊಯ್ದರೆ ಹಾಲಿನಂಥ ದ್ರವ. ಅಮೃತಬಳ್ಳಿಯ ಕಾಂಡ ಹಸಿರು ಛಾಯೆಯದು, ಅಂಥ ಗಂಟುಗಳಿಲ್ಲ, ಹಾಲಿಲ್ಲ. ಪಟ್ಟಿಯ ಪ್ರಕಾರ ಅಮೃತಬಳ್ಳಿಯ ಹೂವಿಗೆ 6 ಎಸಳು, ಇನ್ನೊಂದಕ್ಕೆ 3. ಅಮೃತಬಳ್ಳಿಯ ಹಣ್ಣು ಕೆಂಪು ಗುಂಡು, ಇನ್ನೊಂದರದು ಕಿತ್ತಳೆ ಬಣ್ಣದ ನೀಳ ಮೊಟ್ಟೆ. ನಮಗೆ ಬಂದ ಫಾರ್ವರ್ಡ್‌ಗಳಲ್ಲಿ ಹೂವಿನ ಚಿತ್ರ ಒಂದರಲ್ಲೂ ಇರಲಿಲ್ಲ, ಎಲ್ಲದರಲ್ಲೂ ಎಲೆ.

ಕಥೆ ಇಲ್ಲಿಗೇ ಮುಗಿಯಲಿಲ್ಲ. 2022ರಲ್ಲಿ ದೇಶದ 13 ಆಸ್ಪತ್ರೆಗಳ ವೈದ್ಯರು ಸೇರಿ 43 ರೋಗಿಗಳ ವಿವರ ಪ್ರಕಟಿಸಿದರು. ಅವರ ಪ್ರಕಾರವೂ ಅಮೃತಬಳ್ಳಿಗೂ ಯಕೃತ್ತಿನ ಹಾನಿಗೂ ನಂಟಿದೆ. ಸುಮಾರು ಅರ್ಧದಷ್ಟು ಮಂದಿಗೆ ಮೊದಲೇ ಯಕೃತ್ತಿನ ಕಾಯಿಲೆ ಇತ್ತು. ಅಂದರೆ ಬಳ್ಳಿಯನ್ನು ಸರಿಯಾಗಿ ಗುರುತಿಸಿದರೂ ಅದು ಎಲ್ಲರಿಗೂ ಒಗ್ಗುತ್ತದೆ ಎನ್ನುವಂತಿಲ್ಲ. ಗುರುತಿಸುವುದು ಮೊದಲ ಪ್ರಶ್ನೆಗೆ ಉತ್ತರ ಅಷ್ಟೇ. ಎರಡನೆಯ ಪ್ರಶ್ನೆಯನ್ನು ವೈದ್ಯರಿಗೇ ಕೇಳಬೇಕು.

ಆ್ಯಪ್ ಹೇಳಿದರೆ ಸಾಲದೇ?

ಗೂಗಲ್ ಲೆನ್ಸ್, ಪ್ಲಾಂಟ್‌ನೆಟ್, ಐನ್ಯಾಚುರಲಿಸ್ಟ್ ಎಲ್ಲವೂ ಉಪಯುಕ್ತ, ನಾನೂ ದಿನಾ ಬಳಸುತ್ತೇನೆ. ಅವು ಕೊಡುವುದು ಊಹೆ. ದಾಸವಾಳದಂಥ ಪ್ರಸಿದ್ಧ ಹೂವಿಗೆ ಊಹೆ ಸರಿಯಾಗಿರುತ್ತದೆ, ಎಲೆಯೊಂದರ ಮಸುಕು ಫೋಟೊಗೆ ತಪ್ಪುವುದೇ ಹೆಚ್ಚು. ಆ್ಯಪ್ ಹೇಳಿದ ಹೆಸರಿನ ಗಿಡದ ಕುಟುಂಬ ಯಾವುದು ನೋಡಿ, ಆ ಕುಟುಂಬದ ಗುರುತು ನಿಮ್ಮ ಕೈಯಲ್ಲಿರುವ ಹೂವಿನಲ್ಲಿ ಇದೆಯೇ ಎಂದು ಪರೀಕ್ಷಿಸಿ. ಲೆನ್ಸ್ ತುಳಸಿಯ ಬಳಗ ಎಂದು ಹೇಳಿ, ಕಾಂಡ ದುಂಡಗಿದ್ದು ಎಲೆ ಒಂದೊಂದಾಗಿ ಬಂದಿದ್ದರೆ ಲೆನ್ಸಿನದೇ ತಪ್ಪು.

ಯಾರಲ್ಲಾದರೂ ಕೇಳುವುದಿದ್ದರೆ ಒಂದು ಫೋಟೊ ಸಾಲದು. ಇಡೀ ಗಿಡ, ಎಲೆಗಳು ಕಾಂಡಕ್ಕೆ ಸೇರುವ ಜಾಗ, ಹೂವಿನ ಮುಖ, ಹೂವಿನ ಬೆನ್ನು, ಇದ್ದರೆ ಕಾಯಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವೋ ಬೆರಳೋ ಇದ್ದರೆ ಅಳತೆ ತಿಳಿಯುತ್ತದೆ. ಎಲ್ಲಿ, ಯಾವ ತಿಂಗಳು ಎಂದೂ ಬರೆಯಿರಿ. ಹಾಲು ಬರುವ ಗಿಡ ಮುಟ್ಟಿದ ಕೈಯನ್ನು ಕಣ್ಣಿಗೆ ತಾಗಿಸದೆ ತೊಳೆದುಕೊಳ್ಳಿ, ಎಕ್ಕದ ಹಾಲು ಕಣ್ಣಿಗೆ ಬಲು ಅಪಾಯ. ಗೊತ್ತಿಲ್ಲದ ಗಿಡವನ್ನು ರುಚಿ ನೋಡಿ ಗುರುತಿಸುವ ಸಾಹಸ ಬೇಡ.

ಮುಂದೆ ಓದುವವರಿಗೆ ನಮ್ಮ ರಾಜ್ಯದ್ದೇ ಆಸರೆಗಳಿವೆ. ಸೆಸಿಲ್ ಸಲ್ಡಾನ ಮತ್ತು ಡ್ಯಾನ್ ನಿಕಲ್ಸನ್ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ಇಂದಿಗೂ ಬಳಕೆಯಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆ ನಡೆಸುವ ಡಿಜಿಟಲ್ ಫ್ಲೋರಾ ಆಫ್ ಕರ್ನಾಟಕ ಫೋನಿನಲ್ಲೇ ತೆರೆಯುತ್ತದೆ, ಚಿತ್ರಗಳೂ ಸಿಗುತ್ತವೆ. ಕನ್ನಡದಲ್ಲಿ ಓದಬೇಕೆಂದರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುತ್ತಾ ಗಿಡಗಳನ್ನು ಪರಿಚಯಿಸುವ ಈ ಪುಸ್ತಕಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಪಠ್ಯಪುಸ್ತಕ ಇಷ್ಟು ನಗಿಸಿದ್ದರೆ ನಾನು ವಿಜ್ಞಾನವನ್ನೇ ಆರಿಸಿಕೊಳ್ಳುತ್ತಿದ್ದೆನೇನೋ.

ಕಳೆದ ವಾರ ಚಿಕ್ಕಮ್ಮ ಗುಂಪಿಗೆ ಐದು ಫೋಟೊ ಹಾಕಿದರು. ತೋಟದ ಬೇಲಿಯ ಬಳ್ಳಿ, ಗೆಣ್ಣು, ಹೂವಿನ ಮುಖ, ಹೂವಿನ ಬೆನ್ನು, ಚಿವುಟಿದ ತೊಟ್ಟು. ಕೆಳಗೆ ಬರೆದಿದ್ದರು: 'ಐದು ಎಸಳು, ಗಿರಗಿಟ್ಲೆ ಇಲ್ಲ, ಹಾಲಿಲ್ಲ, ಎಲೆ ಒಂದೊಂದೇ. ಯಾವ ಮನೆಯದು?' ಮೂರು ದಿನದಿಂದ ನಾವು ಏಳು ಜನ ಅದರ ಮೇಲೆ ಕೂತಿದ್ದೇವೆ, ಹೆಸರು ಇನ್ನೂ ಸಿಕ್ಕಿಲ್ಲ. ಕಾಯಿ ಬಿಡುವವರೆಗೆ ಕಾಯೋಣ ಎಂದಿದ್ದಾರೆ ಚಿಕ್ಕಮ್ಮ.